ಕೋಕೋ ಮಾತ್ರೆಗೆ ಅಕ್ಕ ಹಿಡಿದ ಪಥ್ಯ

ನನ್ನ ಅಕ್ಕನಿಗೆ ಈಗ ನನ್ನ ಹೆಸರು ಹೇಳಲು ಬರುವುದಿಲ್ಲ. ಕಳೆದ ಭಾನುವಾರ ಹುಣಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದಳು, ಗುರುತು ಹಿಡಿದಳು, ಬಾಯಿ ತೆರೆದಳು. ಬಂದದ್ದು ಬರೀ ಉಸಿರು. ಬಲಗೈ ಹಾಸಿಗೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. ನಾನು ಹೊರಗೆ ಬಂದು ಅತ್ತೆ.

(ನಗಿಸುತ್ತಾನೆ ಎಂದು ಈ ಅಂಕಣ ಓದುವವರಿದ್ದೀರಿ. ಈ ವಾರ ಕ್ಷಮಿಸಿ.)

ಅಕ್ಕ ಪುಟ್ಟಮ್ಮ ಇರುವುದು ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಹೊಗೆಸೊಪ್ಪಿನ ಬೇಸಾಯ. ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ನಿಗೆ ಸೊಪ್ಪು ಏರಿಸುವ ದಿನ ಆಳುಗಳನ್ನು ಕರೆಯುವ ಅವಳ ಗಂಟಲು ಊರಾಚೆಗೂ ಕೇಳುತ್ತಿತ್ತು. ಬಿ.ಪಿ. ಇದೆ ಎಂದು ಗೊತ್ತಾಗಿ ಕೆಲವು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಒಂದು ಮಾತ್ರೆ. ತಪ್ಪದೆ ನುಂಗುತ್ತಿದ್ದಳು, ಬೇಸರದಿಂದಲೇ.

"ಸಾಯೋಗಂಟ ನುಂಗ್ಬೇಕಂತೆ ಕಣ್ಲಾ. ವಾಸಿ ಮಾಡಕಾಗ್ದಿದ್ರೆ ಅದ್ಯಾವ್ ಮದ್ದು?" ಎಂದು ನನ್ನನ್ನೇ ಕೇಳಿದ್ದಳು.

ಈ ಬೇಸರ ಭಾವನಿಗೂ ಗೊತ್ತಿತ್ತು. ಒಮ್ಮೆ ಅಲ್ಲೇ ಹತ್ತಿರದ ಕೊಪ್ಪಕ್ಕೆ ಹೋದಾಗ ಅಲ್ಲೊಂದು ಚೈನ್ ಕಂಪನಿಯ ಮೀಟಿಂಗು, ಒಬ್ಬರಿಂದೊಬ್ಬರಿಗೆ ಮಾಲು ಮಾರಿಸುವಂಥದ್ದು. ಟೈ ಕಟ್ಟಿದವನೊಬ್ಬ ಡಬ್ಬಿ ತೋರಿಸಿದ. ಚಾಕೊಲೇಟ್ ಮಾಡುವ ಕೋಕೋ ಬೀಜದ ಸಾರ, ಕ್ಯಾಪ್ಸೂಲಿನಲ್ಲಿ. ಅದರಲ್ಲಿ ಫ್ಲೇವನಾಲ್ ಎಂಬುದಿದೆಯಂತೆ, ರಕ್ತನಾಳ ಸಡಿಲವಾಗುತ್ತದಂತೆ, ಬಿ.ಪಿ. ಇಳಿಯುತ್ತದಂತೆ. ನ್ಯಾಚುರಲ್. ಸೈಡ್ ಎಫೆಕ್ಟ್ ಇಲ್ಲ. ಭಾವ ಕೇಳಿದ್ದು ಒಂದೇ ಪ್ರಶ್ನೆ.

"ಪಥ್ಯ ಏನು ಸಾ?"

ಆ ಮನುಷ್ಯ ನಕ್ಕನಂತೆ. "ಪಥ್ಯ ಗಿಥ್ಯ ಏನಿಲ್ಲ ಗೌಡ್ರೇ. ಇದು ಔಷಧಿನೇ ಅಲ್ಲ, ಫುಡ್ ಸಪ್ಲಿಮೆಂಟು."

ನಗಬಾರದಿತ್ತು. ನಮ್ಮ ಕಡೆ ಪಥ್ಯವಿಲ್ಲದ ಮದ್ದು ಮದ್ದೇ ಅಲ್ಲ. ಕಾಮಾಲೆಗೆ ಸೊಪ್ಪು ಅರೆದು ಕೊಡುವವರು ಸೊಪ್ಪಿಗಿಂತ ಮೊದಲು ಪಥ್ಯ ಹೇಳುತ್ತಾರೆ. ಬದನೆಕಾಯಿ ಬೇಡ, ಬಾಡು ಬೇಡ, ಇಂಗ್ಲಿಷ್ ಮಾತ್ರೆ ಮುಟ್ಟಬೇಡ. ಎರಡು ಮದ್ದು ಹೊಟ್ಟೆಯಲ್ಲಿ ಸೇರಿದರೆ ಒಂದನ್ನೊಂದು ಕೆಡಿಸುತ್ತವೆ ಎಂಬ ನಂಬಿಕೆ. ಹಿಂದೆ ಅಕ್ಕನಿಗೆ ಕಾಮಾಲೆ ಬಂದಾಗ ಹಾಗೇ ಪಥ್ಯ ಹಿಡಿದಿದ್ದಳು, ವಾಸಿಯೂ ಆಗಿತ್ತು.

ಡಬ್ಬಿ ಮನೆಗೆ ಬಂತು. ಪಥ್ಯ ಯಾರೂ ಹೇಳಿರಲಿಲ್ಲ. ಅಕ್ಕ ತನಗೆ ಗೊತ್ತಿದ್ದ ಪಥ್ಯವನ್ನೇ ಹಿಡಿದಳು. ಬದನೆಕಾಯಿ ಬಿಟ್ಟಳು. ಬಾಡು ಬಿಟ್ಟಳು. ಬಿ.ಪಿ. ಮಾತ್ರೆಯನ್ನೂ ಬಿಟ್ಟಳು. ಹಬ್ಬದ ದಿನ ಮನೆಮಂದಿಯೆಲ್ಲ ಬಾಡೂಟಕ್ಕೆ ಕೂತರೆ ಇವಳು ತಿಳಿಸಾರಿನಲ್ಲಿ ಮುದ್ದೆ ನುಂಗಿ ಎದ್ದಳಂತೆ. ಆಮೇಲೊಂದು ಬೆಳಿಗ್ಗೆ, ಬ್ಯಾರನ್ನಿಗೆ ಏರಿಸಲು ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಾ ಕೂತಿದ್ದವಳು ಪಕ್ಕಕ್ಕೆ ವಾಲಿಬಿಟ್ಟಳು.

ಲಕ್ವ.

"ಮಾತ್ರೆ ಯಾಕ್ರೀ ನಿಲ್ಲಿಸಿದ್ರಿ?" ಎಂದು ಡಾಕ್ಟರು ಕೇಳಿದರು. ಭಾವ ತಲೆ ಎತ್ತಲಿಲ್ಲ. "ಪಥ್ಯ ಸಾ" ಎಂದರು.

ಡಾಕ್ಟರು ಬೈಯಲಿಲ್ಲ. ಕೋಕೋದಿಂದ ಬಿ.ಪಿ. ಸ್ವಲ್ಪ ಇಳಿದರೂ ಇಳಿಯಬಹುದು, ಆದರೆ ಮಾತ್ರೆ ಬಿಟ್ಟು ಅದನ್ನು ನಂಬುವ ಹಾಗಿಲ್ಲ ಎಂದಷ್ಟೇ ಹೇಳಿದರು. ಸಿಟ್ಟು ಬಂದದ್ದು ನನಗೆ. ಯಾರ ಮೇಲೆ ಅಂತ? ಟೈ ಕಟ್ಟಿದವನು ಮಾತ್ರೆ ಬಿಡಿ ಎಂದಿರಲಿಲ್ಲ. ಬಿಡಬೇಡಿ ಎಂದೂ ಹೇಳಿರಲಿಲ್ಲ. ಈಗ ಏನು ನುಂಗುತ್ತಿದ್ದಾರೆ ಎಂದು ಕೇಳಲೇ ಇಲ್ಲ. ಇಂಥ ಸುದ್ದಿ ಕೇಳಿದರೆ ಪೇಟೆಯವರಾದ ನಾವು ಹಳ್ಳಿಯವರನ್ನು ದಡ್ಡರು ಅಂದುಬಿಡುತ್ತೇವೆ. ನನ್ನ ಅಕ್ಕ ದಡ್ಡಿಯಲ್ಲ. ಅವಳಷ್ಟು ಶ್ರದ್ಧೆಯಿಂದ ಮದ್ದು ತಿಂದವರನ್ನು ನಾನು ನೋಡಿಲ್ಲ.

ಮೊನ್ನೆ ಭಾವ ಹೊಸ ಮಾತ್ರೆ ಕೊಡಲು ಹೋದಾಗ ಅಕ್ಕ ತುಟಿ ಬಿಗಿದಳು. ಎಡಗೈಯಲ್ಲಿ ಏನೋ ಸನ್ನೆ ಮಾಡಿದಳು. ನನಗೆ ತಿಳಿಯಲಿಲ್ಲ. ಭಾವನಿಗೆ ತಿಳಿಯಿತು. ಪಥ್ಯ ಕೇಳುತ್ತಿದ್ದಾಳೆ!

ಭಾವ ಮಂಚದ ಅಂಚಿಗೆ ಕೂತು ನಿಧಾನವಾಗಿ ಹೇಳಿದರು. "ಉಪ್ಪು ಕಮ್ಮಿ ತಿನ್ಬೇಕು ಕಣಮ್ಮಿ. ಡಾಕ್ಟ್ರು ಯೋಳ್ದೆ ಒಂದಿನಾನೂ ಮಾತ್ರೆ ಬುಡಂಗಿಲ್ಲ. ಇದೇ ಪಥ್ಯ."

ಅಕ್ಕ ಬಾಯಿ ತೆರೆದಳು.

ಇಷ್ಟು ಹೇಳಲು ಆ ದಿನ ಕೊಪ್ಪದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತು?