ಹೊಗೆಯಕ್ಕನ ಕಿವಿ

ಹೊಗೆ ನೋಡುವುದಕ್ಕೂ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದರೆ ನಂಬುವವರು ಕಡಿಮೆ. ಮದುವೆಗೆ ಮುಂಚೆ ಅತ್ತೆಯಾಗುವವರು ಕೇಳಿದ್ದರಂತೆ, "ಹುಡುಗಿ ಏನು ಕೆಲಸ ಮಾಡ್ತಾಳೆ?" "ಕರೆಂಟ್ ಕಂಪನೀಲಿ ಚಿಮಣಿ ನೋಡ್ತಾಳೆ." "ನೋಡಿ?" "ನೋಡಿ ಬರೀತಾಳೆ." ಮಗ ದರ್ಜಿ, ಹುಡುಗಿಗೆ ಕಣ್ಣಾದರೂ ಚೆನ್ನಾಗಿದೆಯಲ್ಲ, ಸೂಜಿಗೆ ದಾರ ಪೋಣಿಸಿಕೊಡುತ್ತಾಳೆ ಎಂದುಕೊಂಡು ಅತ್ತೆ ಒಪ್ಪಿದರು.

ಕೆಲಸವೇನೋ ಕೇಳುವಷ್ಟು ಸಲೀಸಲ್ಲ. ನಗರದ ವಿದ್ಯುತ್ ಕಂಪನಿಯ ಕಲ್ಲಿದ್ದಲ ಸ್ಥಾವರದ ಅಂಗಳದಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ಚಿಮಣಿಯ ಹೊಗೆ ಹಿಂದಿನ ಆಕಾಶವನ್ನು ನೂರಕ್ಕೆ ಎಷ್ಟು ಪಾಲು ಮುಚ್ಚಿದೆ ಎಂದು ಕಣ್ಣಳತೆಯಲ್ಲೇ ಅಂದಾಜು ಮಾಡಿ, ಹದಿನೈದು ಸೆಕೆಂಡಿಗೊಮ್ಮೆ ಐದು, ಹತ್ತು, ಹದಿನೈದು ಎಂದು ಪುಸ್ತಕದಲ್ಲಿ ಬರೆಯಬೇಕು. ಆರು ನಿಮಿಷ, ಇಪ್ಪತ್ನಾಲ್ಕು ಅಂಕಿ, ದಿನಕ್ಕೆ ಮೂರು ಸಲ. ಸರಾಸರಿ ಇಪ್ಪತ್ತು ದಾಟಿತೋ, ಮಾಲಿನ್ಯ ಮಂಡಳಿಗೆ ಕಾಗದ ಹೋಗುತ್ತದೆ, ಮ್ಯಾನೇಜರ ಮುಖ ಇಳಿಯುತ್ತದೆ. ಮೂವತ್ತೊಂದು ವರ್ಷ ಇದೇ ಮಾಡಿ ಅವಳಿಗೆ ಎಲ್ಲವನ್ನೂ ಶೇಕಡಾದಲ್ಲಿ ಹೇಳುವ ಚಾಳಿ ಅಂಟಿಕೊಂಡಿತ್ತು. ಗಂಡ ಚಹಾ ಮಾಡಿಕೊಟ್ಟರೆ "ನಲವತ್ತು, ಇನ್ನೊಂಚೂರು ಕುದೀಬೇಕಿತ್ತು" ಎನ್ನುವಳು. ನಾದಿನಿ ಮುಖ ಊದಿಸಿಕೊಂಡು ಬಂದು ಹೋದರೆ "ಇವತ್ತು ಎಪ್ಪತ್ತೈದು" ಎನ್ನುವಳು. ಸ್ಥಾವರದಲ್ಲಿ ಎಲ್ಲರಿಗೂ ಅವಳು ಹೊಗೆಯಕ್ಕ. ಸಂಬಳದ ಚೀಟಿಯಲ್ಲಿರುವ ಹೆಸರು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅತ್ತೆಯ ಲೆಕ್ಕಾಚಾರ ತಪ್ಪಿರಲಿಲ್ಲ. ದರ್ಜಿಗೆ ನಲವತ್ತು ತುಂಬುವಷ್ಟರಲ್ಲೇ ಹತ್ತಿರದ್ದು ಕಾಣದಂತಾಯಿತು. ಅಂದಿನಿಂದ ಪ್ರತಿ ಬೆಳಿಗ್ಗೆ ಹನ್ನೆರಡು ಸೂಜಿಗೆ ದಾರ ಪೋಣಿಸಿ, ಮೆತ್ತೆಯ ಮೇಲೆ ಸಾಲಾಗಿ ಚುಚ್ಚಿಟ್ಟು ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು, ಚಿಮಣಿಯ ನೆರಳು ಸಂಜೆ ಅದರ ಬಾಗಿಲವರೆಗೂ ಬರುತ್ತಿತ್ತು. ಹೋದ ವರ್ಷ ಹನ್ನೆರಡು ಸೂಜಿ ಒಂಬತ್ತಾಯಿತು, ಆಮೇಲೆ ಐದಾಯಿತು. ಒಂದು ದಿನ ಮೆತ್ತೆಯ ಮೇಲೆ ಹನ್ನೆರಡೂ ಬೋಳಾಗಿ ನಿಂತಿದ್ದವು.

"ಇದೇನೇ ಇದು?" ಎಂದ ದರ್ಜಿ.

"ದಾರ ಸರಿ ಇಲ್ಲ ರೀ. ತುದಿ ಬಿಚ್ಚಿಕೊಳ್ಳುತ್ತೆ. ಬೇರೆ ಕಡೆ ತಗೊಳ್ಳಿ."

ಅವನು ಬೇರೆ ಕಡೆಯ ದಾರ ತಂದ. ಅದೂ ಸರಿ ಇರಲಿಲ್ಲ. ಮೂರನೇ ಅಂಗಡಿಯ ದಾರಕ್ಕೂ ಅದೇ ರೋಗ ಬಂದಾಗ ಅವನು ಸುಮ್ಮನೆ ಸೂಜಿಗೆ ದಾರ ಹಾಕುವ ತಂತಿಯೊಂದನ್ನು ಕೊಂಡು ತಂದು, ಅವಳ ಕಣ್ಣಿಗೆ ಬೀಳದ ಹಾಗೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡ. ಎದುರಿಗೇ ಇಟ್ಟಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಣ್ಣಿಗೆ ಪೊರೆ ಬಂದಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೆ ಹೊಗೆ ನೋಡುವವಳು ಹೋಗಿ ಕಣ್ಣು ಮಂಜಾಗಿದೆ ಎಂದು ಹೇಳುವುದು ಹೇಗೆ? ನಿವೃತ್ತಿಗೆ ಇನ್ನು ಎರಡೇ ವರ್ಷ. ಹೇಗೋ ತಳ್ಳಿಬಿಟ್ಟರಾಯಿತು ಎಂದುಕೊಂಡಳು.

ತಳ್ಳುವುದಕ್ಕೆ ಅಡ್ಡ ಬಂದದ್ದು ಪರೀಕ್ಷೆ. ಹೊಗೆ ನೋಡುವವರೆಲ್ಲ ಆರು ತಿಂಗಳಿಗೊಮ್ಮೆ ಮಂಡಳಿಯ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಅವರು ಬರೆದ ಅಂಕಿಗೆ ಬೆಲೆಯಿಲ್ಲ. ಬಯಲಿನಲ್ಲಿ ಗಾಡಿಯ ಮೇಲೊಂದು ಹೊಗೆಯಂತ್ರ, ಅದಕ್ಕೊಂದು ಗಿಡ್ಡ ಚಿಮಣಿ. ಇಪ್ಪತ್ತೈದು ಸಲ ಕಪ್ಪು ಹೊಗೆ, ಇಪ್ಪತ್ತೈದು ಸಲ ಬಿಳಿ ಹೊಗೆ. ಹಾರನ್ ಹೊಡೆದ ಕೂಡಲೇ ನೋಡಿ ಬರೆಯಬೇಕು. ಮಡಚುವ ಕುರ್ಚಿ ಹಾಕಿಕೊಂಡು ಕುಳಿತ ಹೊಗೆಯಕ್ಕನಿಗೆ ಅಂದು ಕಂಡದ್ದು ಹಾಲಿಗೆ ನೀರು ಬೆರೆಸಿದಂಥ ಆಕಾಶ, ಅದರೊಳಗೆ ಎಲ್ಲೋ ಒಂದು ಚಿಮಣಿ. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡಳು.

ಆಗ ಅವಳ ಕಿವಿಗೆ ಒಂದು ಸದ್ದು ಬಿತ್ತು. ಹೊಗೆ ದಟ್ಟವಾಗಬೇಕೆಂದರೆ ಯಂತ್ರ ಹೆಚ್ಚು ಎಣ್ಣೆ ಕುಡಿಯಬೇಕು, ಎಣ್ಣೆ ಕುಡಿಸುವ ಪಂಪು ಆಗ ಒಂದು ಎಳೆ ದಪ್ಪ ದನಿಯಲ್ಲಿ ಗೊರಗುಡುತ್ತದೆ. ತೆಳು ಹೊಗೆಗೆ ಸಣ್ಣ ಗುಂಯ್ ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಅರವತ್ತು ಸಲ ಈ ಯಂತ್ರದ ಮುಂದೆ ಕುಳಿತಿದ್ದ ಅವಳಿಗೆ ಯಾವ ಗೊರಗಿಗೆ ಎಷ್ಟು ಎನ್ನುವುದು ತಾನಾಗಿಯೇ ಮನಸ್ಸಿಗೆ ಬಂತು. ಮುಖ ಮಾತ್ರ ಆಕಾಶದ ಕಡೆ ಇಟ್ಟುಕೊಂಡು, ಕಿವಿ ಹೇಳಿದ್ದನ್ನು ಕೈ ಬರೆಯಿತು.

ಪಾಸಾದಳು. ಬರೀ ಪಾಸಲ್ಲ, ಎರಡನೇ ಸ್ಥಾನ. ಮೊದಲನೆಯದು ಎಂದಿನಂತೆ ರ್ಯಾಂಕ್ ರಾಯರದ್ದು. ನಗರದ ಆಚೆ ತುದಿಯ ಇನ್ನೊಂದು ಸ್ಥಾವರದಲ್ಲಿ ಹೊಗೆ ನೋಡುವ ಈ ಮನುಷ್ಯ ಒಂಬತ್ತು ವರ್ಷದಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿರಲಿಲ್ಲ. "ಪರವಾಗಿಲ್ಲ ಅಕ್ಕ, ಈ ವಯಸ್ಸಲ್ಲೂ ಕಣ್ಣು ಚುರುಕಾಗಿದೆ" ಎಂದು ಅವರು ಕೈ ಕುಲುಕಿದರು. ಹೊಗೆಯಕ್ಕ ನಕ್ಕಳು. ನಾಚಿಕೆಯೂ ಆಯಿತು, ಆದರೆ ಪ್ರಮಾಣಪತ್ರ ಚೀಲ ಸೇರುತ್ತಲೇ ನಾಚಿಕೆ ಇಳಿಯಿತು.

ಎಂಥ ಹೊತ್ತಿನಲ್ಲಿ ಪಾಸಾದಳು ನೋಡಿ. ಸ್ಥಾವರದ ಬೂದಿ ಊರ ಮೇಲೆ ಬೀಳುತ್ತದೆ ಎಂಬ ಹಳೆಯ ದೂರು ಮಂಡಳಿಯಲ್ಲಿ ಇನ್ನೂ ಕೊಳೆಯುತ್ತಿತ್ತು. ಅದಕ್ಕೆಂದೇ ಕಂಪನಿ ಹೊಸದಾಗಿ ಫಿಲ್ಟರ್ ಮನೆ ಕಟ್ಟಿಸಿತ್ತು. ಆಳೆತ್ತರದ ಸಾವಿರಾರು ಬಟ್ಟೆಯ ಚೀಲಗಳು ಅದರೊಳಗೆ ನೇತಾಡುತ್ತಾ ಹೊಗೆಯಲ್ಲಿರುವ ಬೂದಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಚಿಮಣಿಯೊಳಗೆ ಕೂರಿಸಬೇಕಾದ ಅಳತೆಯ ಯಂತ್ರ ಇನ್ನೂ ಬಂದಿರಲಿಲ್ಲ. ಅದು ಬರುವ ತನಕ ತೊಂಬತ್ತು ದಿನ ಹೊಗೆಯಕ್ಕನ ಪುಸ್ತಕದಲ್ಲಿ ಅಂಕಿ ಇಪ್ಪತ್ತರೊಳಗೆ ಇದ್ದರೆ ದೂರು ಮುಚ್ಚುತ್ತೇವೆ ಎಂದಿತು ಮಂಡಳಿ.

ಅವಳು ದಿನವೂ ಅಂಗಳದಲ್ಲಿ ನಿಂತಳು. ಪರೀಕ್ಷೆಯ ಯಂತ್ರದಂತೆ ನೂರು ಮೀಟರ್ ಎತ್ತರದ ಚಿಮಣಿ ಗೊರಗುಡುವುದಿಲ್ಲ. ಫಿಲ್ಟರ್ ಹೊಸದು, ಹೊಗೆ ತೆಳುವಾಗಿಯೇ ಇರಬೇಕು, ಮಂಜಿರುವುದು ನನ್ನ ಕಣ್ಣಿನಲ್ಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಐದು, ಐದು, ಹತ್ತು, ಐದು ಎಂದು ಬರೆದಳು. ಮ್ಯಾನೇಜರು ಗೋಡೆಯ ಕ್ಯಾಲೆಂಡರಿನಲ್ಲಿ ದಿನಗಳನ್ನು ಹೊಡೆದುಹಾಕುತ್ತಾ ಹೋದರು. ಅರವತ್ತೆಂಟಕ್ಕೆ ಬಂದಾಗ ಅವರು ಶಿಳ್ಳೆ ಹಾಕುತ್ತಿದ್ದುದನ್ನು ಕಂಡವರಿದ್ದಾರೆ.

ಅರವತ್ತೆಂಟನೆಯ ದಿನ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಅಂಗಡಿಯಲ್ಲಿ ಗಂಡನ ದನಿ ಕೇಳಿ ಒಳಬಾಗಿಲಲ್ಲೇ ನಿಂತಳು. ದರ್ಜಿ ಆಸ್ಪತ್ರೆಗೆ ಬಿಳಿ ಕೋಟು ಹೊಲಿದುಕೊಡುತ್ತಿದ್ದ. ಕೋಟು ಒಯ್ಯಲು ಬಂದ ಆಸ್ಪತ್ರೆಯ ನರ್ಸಮ್ಮ ಗೊಣಗುತ್ತಿದ್ದರು.

"ಮೇಷ್ಟ್ರೇ, ಈ ಸಲವೂ ಕಾಲರ್ ಮಾಸಿದೆ. ಹೊಸ ಕೋಟು ಅಂತ ಹೇಗೆ ಒಪ್ಪಿಕೊಳ್ಳಲಿ? ಆ ಚಿಮಣಿ ಬೂದಿ ಅಲ್ವಾ ಇದು?"

"ಇಲ್ಲಮ್ಮ, ರಸ್ತೆ ಧೂಳು. ಚಿಮಣಿ ಐದೇ ಇರೋದು."

"ಐದೋ ಐವತ್ತೋ ನಿಮಗೇನು ಗೊತ್ತು?"

"ನನ್ನ ಹೆಂಡತಿ ಬರ್ದಿದ್ದಾಳೆ. ಅವಳು ಐದು ಅಂದ್ರೆ ಐದು." ಅವನ ದನಿ ತುಸು ಬಿಗಿಯಾಯಿತು. "ಇವತ್ತೇ ಒಗೆದು ಕೊಡ್ತೀನಿ, ಸಂಜೆ ಬನ್ನಿ."

ನರ್ಸಮ್ಮ ಹೋದರು. ಹೊಗೆಯಕ್ಕ ಹಿತ್ತಲಿಗೆ ನಡೆದಳು. ತಂತಿಯ ಮೇಲೆ ಒಗೆದು ಹಾಕಿದ ಕೋಟುಗಳು ಆಗಲೇ ಏಳೆಂಟು ಇದ್ದವು. ಇವನು ಎಷ್ಟು ದಿನದಿಂದ ಹೀಗೆ ಹೇಳದೆ ಕೇಳದೆ ಒಗೆಯುತ್ತಿದ್ದಾನೋ. ಕಿಟಕಿಯ ಕಟ್ಟೆಯ ಮೇಲೆ ಬೆರಳೆಳೆದು ಉಜ್ಜಿ ನೋಡಿದಳು. ರಸ್ತೆಯ ಧೂಳು ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಬೂದಿ ಹಾಗಲ್ಲ, ನುಣ್ಣಗೆ ಜಾರುತ್ತದೆ. ಇದು ಜಾರಿತು. ಕಣ್ಣಿಗೆ ಮೋಸ ಮಾಡಬಹುದಿತ್ತು, ಬೆರಳಿಗೆ ಆಗಲಿಲ್ಲ. ಅವಳ ಒಂದು ಸುಳ್ಳನ್ನು ಗಂಡ ಊರವರ ಮುಂದೆ ಎದೆಕೊಟ್ಟು ಕಾಯುತ್ತಿದ್ದ. ಅವಳಿಗೆ ಅಳು ಬಂತು, ಕೋಟಿನ ತೋಳಿಗೇ ಕಣ್ಣೊರೆಸಿಕೊಂಡಳು, ಆ ಕೋಟನ್ನು ಮತ್ತೆ ಒಗೆಯಬೇಕಾಯಿತು.

ಮರುದಿನ ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಮ್ಯಾನೇಜರ ಮುಂದೆ ನಿಂತಳು.

"ಸಾರ್, ಈ ಅರವತ್ತೆಂಟು ದಿನದ ಅಂಕಿ ಹೊಡೆದುಹಾಕಿ. ನನಗೆ ಹೊಗೆ ಕಾಣಲ್ಲ."

"ತಮಾಷೆ ಮಾಡ್ಬೇಡಿ ಅಕ್ಕ. ಎರಡನೇ ಸ್ಥಾನ ಬಂದಿದ್ದೀರ."

"ಕಿವಿಯಲ್ಲಿ ಬಂದೆ ಸಾರ್."

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ರ್ಯಾಂಕ್ ರಾಯರಿಗೆ ಫೋನ್ ಮಾಡಿದರು. ಸರಿಯಾದ ಕಣ್ಣೊಂದು ನೋಡಿ ಹೇಳಿಬಿಡಲಿ ಎಂದು. ರಾಯರು ಟೋಪಿ ಹಾಕಿಕೊಂಡು ಬಂದು, ಸೂರ್ಯನಿಗೆ ಬೆನ್ನು ಹಾಕಿ, ಬಹಳ ಹೊತ್ತು ಚಿಮಣಿ ನೋಡಿದರು. ಕೆಮ್ಮಿದರು. ಕನ್ನಡಕ ಒರೆಸಿದರು.

"ಹತ್ತು... ಇರಬಹುದು. ಹದಿನೈದೂ ಅನ್ನಬಹುದು."

ಹೊಗೆಯಕ್ಕ ಅವರ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದಳು. "ರಾಯರೇ, ಕಿವಿಗೆ ಏನೂ ಬೀಳ್ತಿಲ್ಲ ಅಲ್ವಾ?"

ರಾಯರ ಮುಖ ಕಿವಿಯವರೆಗೂ ಕೆಂಪಾಯಿತು. ಹತ್ತು ನಿಮಿಷದಲ್ಲಿ ಅವರಿಗೆ ತುರ್ತು ಕೆಲಸವೊಂದು ನೆನಪಾಯಿತು.

ಮಂಡಳಿಯ ಪರೀಕ್ಷಕಿಯನ್ನೇ ಕರೆಸಬೇಕಾಯಿತು. ಆಕೆ ಆರು ನಿಮಿಷ ನೋಡಿ ಬರೆದ ಸರಾಸರಿ ಮೂವತ್ತೈದು. ಬಾಯ್ಲರಿನ ಉರಿ ತಗ್ಗಿಸಿ ಫಿಲ್ಟರ್ ಮನೆಯೊಳಗೆ ಇಳಿದು ನೋಡಿದರೆ ಹಿಂದಿನ ಸಾಲಿನ ಚೀಲಗಳು ಹೊಲಿಗೆ ಬಿಟ್ಟು ಬಾಯಿ ತೆರೆದುಕೊಂಡಿದ್ದವು. ದರ್ಜಿಯ ಹೆಂಡತಿಗೆ ಅದನ್ನು ತೋರಿಸಿದಾಗ ಅವಳು ಬೆರಳಲ್ಲಿ ಸವರಿ, "ಒಂಟಿ ಹೊಲಿಗೆ. ನಮ್ಮನೆಯವರಾಗಿದ್ರೆ ಎರಡು ಹಾಕ್ತಿದ್ರು" ಎಂದಳು.

ಚೀಲ ಬದಲಾದವು. ತೊಂಬತ್ತು ದಿನ ಮತ್ತೆ ಒಂದರಿಂದ ಶುರುವಾಯಿತು. ಅಷ್ಟೂ ದಿನ ಪರೀಕ್ಷಕಿಯೇ ಬಂದು ಬರೆಯಬೇಕಾಯಿತು. ಹಳೆಯ ಪುಸ್ತಕದ ಪ್ರತಿ ಪುಟಕ್ಕೂ ಹೊಗೆಯಕ್ಕ ಕೆಂಪು ಗೆರೆ ಎಳೆದು ಸಹಿ ಹಾಕಿದಳು, ಅರವತ್ತೆಂಟು ಸಹಿ. ಕಂಪನಿ ಅವಳಿಗೆ ಎಚ್ಚರಿಕೆ ಪತ್ರ ಕೊಟ್ಟು ಉಗ್ರಾಣಕ್ಕೆ ಕಳಿಸಿತು. ಮುಂದಿನ ಪರೀಕ್ಷೆ ನೆಟ್ಟಗೆ ಪಾಸಾದರೆ ಅಂಗಳ, ಇಲ್ಲದಿದ್ದರೆ ನಟ್ಟು ಬೋಲ್ಟು ಎಣಿಸುತ್ತಲೇ ನಿವೃತ್ತಿ. ಆ ತಿಂಗಳು ಒಂದು ಕಣ್ಣಿನ ಪೊರೆ ತೆಗೆಸಿದಳು, ಮುಂದಿನ ತಿಂಗಳು ಇನ್ನೊಂದರದ್ದು. ಪಟ್ಟಿ ಬಿಚ್ಚಿದ ದಿನ ಗಂಡನನ್ನು ನೋಡಿ, "ಅಯ್ಯೋ, ತಲೆ ಎಂಬತ್ತು ಬಿಳಿ ಆಗಿದ್ಯಲ್ರೀ" ಎಂದಳು. "ನಿನ್ನ ಕಣ್ಣಿಗೆ ಇಷ್ಟು ದಿನ ಹುಡುಗನಾಗಿದ್ದೆ, ಹೋಯ್ತು" ಎಂದ ಅವನು.

ಅಷ್ಟರಲ್ಲಿ ಅವಳು ಪರೀಕ್ಷಕಿಗೆ ಗೊರಗಿನ ಗುಟ್ಟನ್ನೂ ಹೇಳಿಬಿಟ್ಟಿದ್ದಳು. ಅವರು ಮೊದಲು ನಂಬಲಿಲ್ಲ. ಯಂತ್ರದ ಮುಂದೆ ಕಣ್ಣು ಮುಚ್ಚಿ ಕುಳಿತು ಐದು ಹೊಗೆ ಕೇಳಿಸಿಕೊಂಡ ಮೇಲೆ ನಂಬಿದರು. ಮುಂದಿನ ಪರೀಕ್ಷೆಯ ದಿನ ಯಂತ್ರದ ಪಕ್ಕದಲ್ಲಿ ದೊಡ್ಡ ಜನರೇಟರೊಂದು ಬೆಳಗಿನಿಂದ ಗುಡುಗುಡು ಎನ್ನುತ್ತಿತ್ತು. ಸಾಲದ್ದಕ್ಕೆ ಹೊಗೆಯಕ್ಕ ಕಿವಿಗೆ ಹತ್ತಿಯನ್ನೂ ತುರುಕಿಕೊಂಡಿದ್ದಳು. ಹಾರನ್ ಅವಳಿಗೆ ಕೇಳದೆ, ಪಕ್ಕದವರು ಪ್ರತಿ ಸಲ ಮೊಣಕೈಯಿಂದ ತಿವಿಯಬೇಕಾಯಿತು. ಅಂದು ರ್ಯಾಂಕ್ ರಾಯರು ಫೇಲಾದರು. ಅವರ ಜೊತೆಗೆ ಪ್ರತಿ ಸಲ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ ಇನ್ನೂ ಇಬ್ಬರು. ಹೊಗೆಯಕ್ಕ ಪಾಸಾದಳು, ಮೂವತ್ತೊಂದು ವರ್ಷದಲ್ಲೇ ಅತಿ ಕಡಿಮೆ ಅಂಕ ತೆಗೆದುಕೊಂಡು. ಇದನ್ನು ಮಾತ್ರ ಅವಳು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದಳು.

ಮಾರನೆಯ ದಿನ ಹೊಸ ಪುಸ್ತಕದಲ್ಲಿ ಮೊದಲ ಪುಟ ಬರೆದು ಮನೆಗೆ ಬಂದಾಗ ಅಂಗಡಿಯಲ್ಲಿ ನರ್ಸಮ್ಮ ಕೋಟಿನ ಕಾಲರ್ ತಿರುಗಿಸಿ ನೋಡುತ್ತಿದ್ದರು. ಬೆಳಿಗ್ಗೆ ಅವಳು ಪೋಣಿಸಿಟ್ಟ ಹನ್ನೆರಡು ಸೂಜಿಯಲ್ಲಿ ಎರಡರ ದಾರ ಹೊಲಿದು ಮುಗಿದಿತ್ತು.

"ಇವತ್ತು ಎಷ್ಟೇ?" ಎಂದ ದರ್ಜಿ, ಹೊಲಿಗೆಯಿಂದ ತಲೆ ಎತ್ತದೆ.

"ಹತ್ತು."

ನರ್ಸಮ್ಮ ತಲೆ ಎತ್ತಿದರು. "ಮುಂಚೆ ಐದು ಅಂತಿದ್ರಲ್ಲ, ಈಗ ಹೆಚ್ಚಾಯ್ತಾ?"

ದರ್ಜಿ ಹಲ್ಲಿನಿಂದ ದಾರ ಕಡಿದ. "ನನ್ನ ಹೆಂಡತಿ ಹತ್ತು ಅಂದ್ರೆ ಹತ್ತು" ಎಂದ.