ಟಿಪ್ಪುಸಾಬನ ಕಿವಿ

ರೋಣದ ಟಿಪ್ಪುಸಾಬನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಅವನ ಕಿವಿಯ ಮುಂದೆ ಪದವಿ ಪಡೆದವರೂ ಕೈಕಟ್ಟಿ ನಿಲ್ಲಬೇಕು. ಹದಿನೆಂಟು ವರ್ಷ ದಿನಗೂಲಿಯ ಮೇಲೆ ಟೆಲಿಫೋನ್ ಕಂಬ ಹತ್ತಿ ಇಳಿದವನು. ಮುಂದೆ ಇಂಟರ್ನೆಟ್ ಬಂತು, ಫೋನ್ ತಂತಿಗೂ ಕಂಪ್ಯೂಟರಿಗೂ ಗಂಟು ಹಾಕುವ ಮೋಡೆಮ್ ಪೆಟ್ಟಿಗೆ ಬಂತು. ಅದು ಡಯಲ್ ಮಾಡಿ ಕಿರಿಚತೊಡಗಿದರೆ ಉಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಇವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಸದ್ದು ತಡವರಿಸಿದ ಜಾಗ ಹಿಡಿದು ಲೈನಿನ ರೋಗ ಹೇಳುತ್ತಿದ್ದ.

ಎರಡು ಸಾವಿರದ ಎರಡರ ಶ್ರಾವಣದಲ್ಲಿ ಹುಬ್ಬಳ್ಳಿಯ ಇಂಟರ್ನೆಟ್ ಕಂಪನಿಯೊಂದಕ್ಕೆ ಈ ಭಾಗಕ್ಕೊಬ್ಬ ಕಾಯಂ ನೌಕರ ಬೇಕಾದ. ಪರೀಕ್ಷೆ ಸರಳ: ಒಂದೇ ದಿನ, ಸಂಜೆ ಐದರೊಳಗೆ, ಮೂರು ಊರಲ್ಲಿ ಮೂರು ಜಾತಿಯ ಕಂಪ್ಯೂಟರುಗಳಿಗೆ ಇಂಟರ್ನೆಟ್ ಹಚ್ಚಿ ತೋರಿಸಬೇಕು. ಜೊತೆಗೆ ಅನಿಲಕುಮಾರ ಎಂಬ ಅಧಿಕಾರಿ ಗಡಿಯಾರ ನೋಡುತ್ತ ಬರುತ್ತಾನೆ. ವಯಸ್ಸು ನಲವತ್ತೆರಡಾದರೂ ಕಾಯಂ ಎಂಬ ಶಬ್ದ ಟಿಪ್ಪುಸಾಬನ ಹೊಸಿಲು ತುಳಿದಿರಲಿಲ್ಲ. ಆ ನೌಕರಿಯನ್ನು ಅವನು ಹಸಿದವನು ಊಟ ಬಯಸುವಂತೆ ಬಯಸಿದ್ದ.

ನರಗುಂದದ ಅರಳೆ ವ್ಯಾಪಾರಿಯ ವಿಂಡೋಸ್ ಯಂತ್ರ ಡಯಲ್ ಟೋನ್ ಕೇಳಿಸಲಿಲ್ಲವೆಂದು ಹಟ ಹಿಡಿದಿತ್ತು. ಟೋನಿಗೆ ಕಾಯಬೇಡವೆಂದು ಗುರುತು ಹಾಕಿದ, ಹಾದಿಗೆ ಬಂತು. ರೋಣದ ಕಾಲೇಜಿನ ಲಿನಕ್ಸ್ ಯಂತ್ರಕ್ಕೆ ಮೋಡೆಮ್ ಎಲ್ಲಿ ಕೂತಿದೆ ಎಂಬುದನ್ನೂ ಹೇಳಿಕೊಡಬೇಕು. ಕಿಸೆಯ ಚೀಟಿ ತೆಗೆದು ಒಂದೊಂದೇ ಅಕ್ಷರ ಒತ್ತಿದ, ಅದೂ ಆಯಿತು.

ಗಜೇಂದ್ರಗಡ ಮುಟ್ಟಿದಾಗ ಮೂರೂವರೆ. ಗುರುಸಂಗಪ್ಪನವರ ಮನೆಯ ಪಡಸಾಲೆಯೇ ಲಗ್ನಪತ್ರಿಕೆಯ ಪ್ರೆಸ್ಸು, ಅಲ್ಲೊಂದು ಮ್ಯಾಕಿಂತೋಷ್. ಟಿಪ್ಪುಸಾಬ ಎಲ್ಲ ಹೊಂದಿಸಿ ಡಯಲ್ ಮಾಡಿಸಿದ. ಮೋಡೆಮ್ ಚೆನ್ನಾಗಿಯೇ ಕಿರಿಚಿತು, ಇನ್ನೇನು ಹತ್ತಿತು ಎನ್ನುವಾಗ ಕಟ್ ಆಯಿತು. ಮತ್ತೆ ಮಾಡಿದ, ಮತ್ತೆ ಅಲ್ಲೇ ಕಟ್. ತಂತಿ ಬದಲಿಸಿದ, ವೇಗ ಇಳಿಸಿದ, ಮಾಳಿಗೆ ಹತ್ತಿ ತಂತಿಯ ಜೋಡಣೆ ತಿಕ್ಕಿ ಬಂದ. ನಾಲ್ಕೂ ಮುಕ್ಕಾಲಾಯಿತು. ಅನಿಲಕುಮಾರ ಪೆನ್ನಿನ ಟೋಪಿ ತೆಗೆದ.

ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿದ. ಕಟ್ ಆಗುವ ಮುಂಚೆ ಸಣ್ಣದೊಂದು ‘ಕಟಕ್’. ತಂತಿಯೊಳಗಿನದಲ್ಲ, ಅಡುಗೆಮನೆಯದು. ಹೋಗಿ ನೋಡಿದರೆ ಗುರುಸಂಗಪ್ಪನವರ ತಾಯಿ ಬಾಳವ್ವ, ಅದೇ ಲೈನಿನ ಇನ್ನೊಂದು ಫೋನು ಕಿವಿಗೆ ಹಿಡಿದು ನಿಂತಿದ್ದಾಳೆ.

“ಯಾರೋ ಪಾಪ ಫೋನಿನ್ಯಾಗ ಬೋರ‍್ಯಾಡಿ ಅಳಾಕತ್ತಾರಪ್ಪ. ನಾ ಇದನ್ನ ಎತ್ತಿ ‘ಯಾಕವಾ, ಏನಾತು’ ಅಂದಕೂಡ್ಲೆ ಸುಮ್ಮನಾಕ್ಕಾರ ನೋಡು!”

“ಆ ಫೋನ್ ಕಿತ್ತ ಒಗೀರಿ!” ಎಂದು ಪಡಸಾಲೆಯಿಂದ ಗುರುಸಂಗಪ್ಪ ಕೂಗಿದರು.

ಬಾಳವ್ವ ಫೋನನ್ನು ಸೆರಗಿನೊಳಗೆ ಅವುಚಿಕೊಂಡಳು. “ಹೊಳಿದಂಡಿ ಮೆಣಸಗ್ಯಾಗ ಮಗಳದಾಳಪ್ಪ. ಹೊಳಿ ಊರೊಳಗ ಬಂತಂದ್ರ ಇದ್ರಾಗ ಹೇಳತಾಳ.”

ಕಿತ್ತರೆ ಎರಡು ನಿಮಿಷದ ಕೆಲಸ. ಕೀಳಲು ಟಿಪ್ಪುಸಾಬನಿಗೆ ಕೈ ಬರಲಿಲ್ಲ. ಇನ್ನೊಂದು ಹಾದಿ ಇತ್ತು: ಮೋಡೆಮ್ಮಿನ ಸದ್ದನ್ನೇ ನಿಲ್ಲಿಸುವುದು. ಅಳು ಅಡುಗೆಮನೆಗೆ ಕೇಳದಿದ್ದರೆ ಬಾಳವ್ವ ಫೋನು ಎತ್ತುವುದಿಲ್ಲ, ಲೈನೂ ಕಟ್ ಆಗುವುದಿಲ್ಲ. ಆದರೆ ಸದ್ದು ನಿಂತರೆ ಇವನ ಕಿವಿಗೆ ಏನು ಕೆಲಸ? ಇನ್ನೊಮ್ಮೆ ತಪ್ಪಿದರೆ ಎಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ, ನೌಕರಿಯೂ ಇಲ್ಲ. ಆದರೂ ಟಿಪ್ಪುಸಾಬ ಹೋಗಿ ಸೌಂಡ್ ಎಂಬಲ್ಲಿ ‘ಆಫ್’ ಒತ್ತಿದ.

ಮೋಡೆಮ್ ಮೂಕವಾಗಿ ಡಯಲ್ ಮಾಡಿತು. ಟಿಪ್ಪುಸಾಬ ಹುಟ್ಟಿದಾಗಿನಿಂದ ನೋಡದವನಂತೆ ಅದರ ಪುಟ್ಟ ದೀಪಗಳನ್ನೇ ನೋಡುತ್ತ ಕೂತ. ಒಂದು ಮಿಣುಕಿತು. ಎರಡನೆಯದು ಮಿಣುಕಿತು. ಮೂರನೆಯದು ಹತ್ತಿತು, ಹತ್ತಿಯೇ ಉಳಿಯಿತು. ಇಂಟರ್ನೆಟ್ ಬಂದಿತ್ತು, ಐದಕ್ಕೆ ಇನ್ನೂ ಎರಡು ನಿಮಿಷವಿತ್ತು.

ಅನಿಲಕುಮಾರ ಕಾಗದದಲ್ಲಿ ಏನೋ ಬರೆದು ಕೈ ಕುಲುಕಿದ. “ಒಂದನೇ ತಾರೀಖಿಗೆ ಬರ್ರಿ, ಟಿಪ್ಪುಸಾಬ್ರ.”

ಟಿಪ್ಪುಸಾಬನಿಗೆ ಕುಣಿಯುವಷ್ಟು ಖುಷಿಯಾಯಿತು. ಬಾಳವ್ವ ಚಹಾ ಹಿಡಿದು ಬಂದು ಮೆಲ್ಲಗೆ ಕೇಳಿದಳು: “ಅಳಾಕತ್ತಿದ್ದಾಕಿ ಏನಾದ್ಲಪ್ಪ? ಆರಾಮ ಆದ್ಲೇನ?”

“ಆರಾಮ ಆದ್ಲ್ರಿ ಅವ್ವಾರ,” ಎಂದ ಟಿಪ್ಪುಸಾಬ. “ನೀವು ಅಷ್ಟ ಸಲ ಕೇಳಿದ್ರಲ್ಲ, ಅದಕ್ಕ.”