ಲಾಂಡ್ರಿಯ ಎರಡು ಬಣ್ಣ

ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತರ ವಯಸ್ಸಿನಲ್ಲಿ, ರಕ್ತದ ಕಲೆಯಾದ ಹಾಸಿಗೆ ಬಟ್ಟೆಗಳನ್ನು ತಣ್ಣೀರಿನಲ್ಲಿ ನೆನೆಹಾಕುವ ಕೆಲಸಕ್ಕೆ ಸೇರಿದವಳು, ಐವತ್ತನಾಲ್ಕರ ಹೊತ್ತಿಗೆ ಇಪ್ಪತ್ತಾರು ಹೆಂಗಸರ ಮೇಲ್ವಿಚಾರಕಿಯಾಗಿದ್ದಳು. ಮಡಿಸಿಟ್ಟ ಬಟ್ಟೆಯ ಮೇಲೆ ಅಂಗೈ ಸವರಿದರೆ ಸಾಕು, ಸೋಪು ಸರಿಯಾಗಿ ಹೋಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಯಾರ ಪಕ್ಷವನ್ನೂ ವಹಿಸುವವಳಲ್ಲ ಎಂಬುದೇ ಅವಳ ದೊಡ್ಡ ಹೆಮ್ಮೆ. ಆ ಹೆಮ್ಮೆ ಮುರಿದು ಬಿದ್ದದ್ದು ಹೇಗೆ ಎಂಬುದನ್ನು ಹೇಳಬೇಕಾದರೆ ಏಪ್ರನ್ನುಗಳಿಂದಲೇ ಶುರು ಮಾಡಬೇಕು.

ಆ ವರ್ಷ ಹಳೆಯ ಬಿಳಿ ಏಪ್ರನ್ನುಗಳು ಹರಿದು ಚಿಂದಿಯಾಗಿದ್ದವು. ಹೊಸದು ಬೇಕೆಂದು ದೊಡ್ಡಕ್ಕ ಆಫೀಸಿಗೆ ನಾಲ್ಕು ಸಲ ಚೀಟಿ ಬರೆದ ಮೇಲೆ ಒಂದು ಕಟ್ಟು ಬಂತು. ಬಿಚ್ಚಿ ನೋಡಿದರೆ ಹದಿನಾಲ್ಕು ನೀಲಿ, ಹದಿಮೂರು ಹಸಿರು. ಅಂಗಡಿಯವನ ಹತ್ತಿರ ನೀಲಿ ಬಟ್ಟೆ ಮುಗಿದುಹೋಗಿತ್ತಂತೆ. ದೊಡ್ಡಕ್ಕ ಮೇಲಿದ್ದ ನೀಲಿಯೊಂದನ್ನು ತಾನು ಹಾಕಿಕೊಂಡು, ಬೆಳಿಗ್ಗೆ ಬಂದು ಸಾಲಾಗಿ ನಿಂತವರಿಗೆ ಸರಸರನೆ ಹಂಚಿದಳು. ಮೊದಲು ಬಂದವರಿಗೆ ನೀಲಿ, ಬಸ್ಸು ತಡವಾಗಿ ಬಂದವರಿಗೆ ಹಸಿರು. ಇಷ್ಟೇ ನಡೆದದ್ದು.

ಮೊದಮೊದಲು ಎಲ್ಲವೂ ತಮಾಷೆ. “ಏ ಗಿಳಿ, ಆ ಬಕೆಟ್ ಇತ್ತ ತಳ್ಳೇ” ಎಂದು ನೀಲಿಯವರು ಹಸಿರಿನವರನ್ನು ಕರೆದರೆ, “ಬಂದೆ ಇರು ಶಾಯಿಬುಡ್ಡಿ” ಎಂದು ಅವರು ಉತ್ತರ ಕೊಡುತ್ತಿದ್ದರು. ದೊಡ್ಡಕ್ಕನೂ ನಕ್ಕಳು. ಒಂದು ತಿಂಗಳಾಗುವಷ್ಟರಲ್ಲಿ ಊಟದ ಹೊತ್ತಿಗೆ ನೀಲಿಯವರೆಲ್ಲ ಕಿಟಕಿಯ ಪಕ್ಕದ ಬೆಂಚಿಗೂ ಹಸಿರಿನವರೆಲ್ಲ ಬಾಗಿಲ ಪಕ್ಕದ ಬೆಂಚಿಗೂ ಸೇರಿಹೋಗಿದ್ದರು. ಯಾರೂ ಹೇಳಿದ್ದಲ್ಲ, ಮಾಡಿದ್ದಲ್ಲ.

ಅದೇ ಹೊತ್ತಿಗೆ ಆಫೀಸಿಗೆ ಹೊಸ ಮ್ಯಾನೇಜರು ಬಂದರು. ಕನ್ನಡಕದ ಮೇಲಿಂದಲೇ ಲೋಕವನ್ನು ನೋಡುವ ಮನುಷ್ಯ. “ಪೈಪೋಟಿ ಇಲ್ದೆ ಕೆಲಸ ಮುಂದೆ ಹೋಗಲ್ಲಮ್ಮ. ಎರಡು ತಂಡ ಮಾಡಿ. ಸರಿಯಾಗಿ ಒಗೆದಿಲ್ಲ ಅಂತ ತಿಂಗಳಲ್ಲಿ ಯಾರ ಬಟ್ಟೆ ಕಮ್ಮಿ ವಾಪಸ್ ಬರುತ್ತೋ ಆ ತಂಡಕ್ಕೆ ಒಂದು ಶನಿವಾರ ಅರ್ಧ ದಿನ ರಜಾ” ಎಂದರು. ತಂಡ ಮಾಡುವುದಕ್ಕೆ ದೊಡ್ಡಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. ಬಣ್ಣ ಕಣ್ಣ ಮುಂದೆಯೇ ಇತ್ತು. ಎಡಗಡೆಯ ಯಂತ್ರಗಳು ನೀಲಿಗೆ, ಬಲಗಡೆಯವು ಹಸಿರಿಗೆ. ಒಗೆದು ಮಡಿಸಿದ ಕಟ್ಟುಗಳಿಗೆ ಆಯಾ ಬಣ್ಣದ ದಾರ. ತಪಾಸಣೆಯ ಮೇಜಿನ ಹಿಂದೆ ದೊಡ್ಡಕ್ಕ.

ಅಲ್ಲಿಂದ ಮುಂದೆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಮೊದಲ ಎರಡು ತಿಂಗಳೂ ನೀಲಿಯವರೇ ಗೆದ್ದರು. ಹಸಿರಿನವರು ಮೊದಲಿಂದಲೂ ಸೋಮಾರಿಗಳು ಎಂಬ ಮಾತು ಹುಟ್ಟಿತು. ಮೊದಲಿಂದಲೂ ಅಂದರೆ ಯಾವಾಗಿನಿಂದ? ಮೂರು ತಿಂಗಳ ಹಿಂದೆ ಹಸಿರಿನವರು ಅಂತ ಒಬ್ಬರಾದರೂ ಇದ್ದರೇ? ದೊಡ್ಡಕ್ಕ ಹೀಗೆ ಕೇಳಿದರೆ ನೀಲಿಯವರು ಮೂಗು ಮುರಿದು, “ನಿಮಗೆ ಗೊತ್ತಿಲ್ಲ ಬಿಡಿ ಅಕ್ಕ, ಅವರ ಜಾಯಮಾನವೇ ಅಂಥದ್ದು” ಎನ್ನುತ್ತಿದ್ದರು. ಅತ್ತ ಹಸಿರಿನವರು, ನೀಲಿಯವರು ಮೋಸಗಾತಿಯರು, ಕಲೆ ಕಾಣದ ಹಾಗೆ ಮಡಿಸುತ್ತಾರೆ ಎನ್ನುತ್ತಿದ್ದರು. ಹನ್ನೊಂದು ವರ್ಷ ಒಂದೇ ಡಬ್ಬಿಯಿಂದ ಊಟ ಹಂಚಿಕೊಂಡು ತಿಂದ ಇಬ್ಬರಿದ್ದರು. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ರಜಾ ಹಾಕಿ ಹೋಗಿದ್ದವಳು. ಜೋಡಿ ಎಂದೇ ಅವರಿಬ್ಬರಿಗೆ ಹೆಸರು. ಒಬ್ಬಳಿಗೆ ನೀಲಿ ಬಂದಿತ್ತು, ಇನ್ನೊಬ್ಬಳಿಗೆ ಹಸಿರು. ಈಗ ನೀರಿನ ನಲ್ಲಿಯ ಹತ್ತಿರ ಎದುರಾದರೆ ಇಬ್ಬರೂ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಮನೆಗೆ ಬಂದು ದೊಡ್ಡಕ್ಕ ಪಾತ್ರೆಗಳನ್ನು ಕುಕ್ಕುತ್ತಾ ನಡೆದದ್ದನ್ನೆಲ್ಲ ಹೇಳಿದಳು. ಅವಳ ಮಗಳು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಡಂ. ಉತ್ತರಪತ್ರಿಕೆಗಳಿಂದ ತಲೆ ಎತ್ತದೆಯೇ, “ಇದು ಎಲ್ಲಾ ಕಡೆ ಇರೋದೇ ಅಮ್ಮ. ಚೀಟಿ ಎತ್ತಿ ಎರಡು ಗುಂಪು ಮಾಡಿದ್ರೂ ಜನ ತಮ್ಮ ಗುಂಪಿನವರೇ ಮೇಲು ಅಂತಾರೆ. ‘ನಾವು’ ಅಂದ್ಕೊಂಡ ತಕ್ಷಣ ಮನಸ್ಸಿಗೆ ‘ಅವರು’ ಬೇಕಾಗುತ್ತೆ. ಅದರ ಮೇಲೆ ನಿಮ್ಮ ಮ್ಯಾನೇಜರು ಒಂದೇ ರಜಾ ತೋರಿಸಿ ಇಬ್ಬರನ್ನೂ ಓಡಿಸ್ತಿದ್ದಾರೆ. ಇನ್ನೇನಾಗುತ್ತೆ?” ಎಂದಳು.

“ಕಾರಣ ಗೊತ್ತಾಯ್ತು. ಮದ್ದು ಹೇಳು.”

“ಮದ್ದು ಅಷ್ಟು ಸುಲಭ ಅಲ್ಲಮ್ಮ.”

“ಮತ್ತೆ ನಾವು ನಿನ್ನ ಅಷ್ಟು ವರ್ಷ ಓದಿಸಿದ್ದು ಯಾಕೆ?”

ಬೀಗ ರಿಪೇರಿ ಮಾಡುವ ಗಂಡ ಮೂಲೆಯಲ್ಲಿ ಕೂತು ಕಿಸಕ್ಕನೆ ನಕ್ಕ. “ಬೀಗ ಕೆಟ್ರೆ ಬಿಚ್ಚಿ ನೋಡಬಹುದು. ನಿನ್ನ ಹೆಂಗಸರ ತಲೆ ಹೇಗೆ ಬಿಚ್ತೀಯ?” ಎಂದ. ರಸ್ತೆಯ ಆಚೆ ಬದಿಯಲ್ಲಿ ಕೂರುವ ಬೀಗದವರೆಲ್ಲ ಕಳ್ಳರು ಎಂದು ಮೂವತ್ತು ವರ್ಷದಿಂದ ನಂಬಿದ್ದ ಮನುಷ್ಯ ಅವನು. ದೊಡ್ಡಕ್ಕ ಅವನನ್ನು ದುರುಗುಟ್ಟಿ ನೋಡಿದಳು.

ಆಮೇಲೆ ಕಜ್ಜಿ ಬಂತು. ಒಂದೇ ವಾರದಲ್ಲಿ ಐದು ಜನ ನೀಲಿಯವರ ಕೈ ಕೆಂಪಾಗಿ, ಬೆರಳ ಸಂದಿಯಲ್ಲಿ ಚರ್ಮ ಸುಲಿಯತೊಡಗಿತು. ಹಸಿರಿನವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅಷ್ಟು ಸಾಕಾಯಿತು. ಹಿಂದಿನ ವಾರ ಹಸಿರಿನ ಒಬ್ಬ ಹುಡುಗಿ ಬಕೆಟ್ ಕೇಳಲು ನೀಲಿಯವರ ಮೂಲೆಗೆ ಹೋಗಿದ್ದಳು. ತೀರ ಸಣಕಲಿ, ಎಲ್ಲರೂ ಅವಳನ್ನು ಕಡ್ಡಿ ಅಂತಲೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅವಳೇ ಸೋಪಿನ ಪುಡಿಗೆ ಏನೋ ಬೆರೆಸಿದ್ದಾಳೆ ಎಂದು ಒಬ್ಬಳು ಅಂದಳು. ಸಂಜೆಯೊಳಗೆ ಅದಕ್ಕೆ ಉಪ್ಪು ಖಾರ ಹತ್ತಿ, ಅವಳ ಜೇಬಿನಲ್ಲಿ ಪೊಟ್ಟಣ ನೋಡಿದವರೇ ಮೂವರಾದರು.

ದೊಡ್ಡಕ್ಕ ಉಗ್ರಾಣಕ್ಕೆ ಹೋಗಿ ಚೀಲಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಸಂಗತಿ ಸರಳವಾಗಿತ್ತು. ಆಫೀಸಿನವರು ಬೇರೆ ಕಡೆಯಿಂದ, ಕೈ ಸುಡುವಷ್ಟು ಖಾರವಾದ ಹೊಸ ಪುಡಿ ತರಿಸಿದ್ದರು. ನೀಲಿಯವರ ಹಳೆಯ ಪುಡಿ ಮುಗಿದು ಹೊಸ ಚೀಲ ಒಡೆದಿದ್ದರು. ಹಸಿರಿನವರ ಮೂಲೆಯಲ್ಲಿ ಹಳೆಯ ಚೀಲ ಇನ್ನೂ ಎರಡು ಉಳಿದಿದ್ದವು. ಅವಳು ಹಳೆಯದೊಂದು, ಹೊಸದೊಂದು ಚೀಲವನ್ನು ನೆಲದ ಮೇಲೆ ದರದರನೆ ಎಳೆದು ತಂದು ಲಾಂಡ್ರಿಯ ನಡುವೆ ಇಟ್ಟಳು.

“ಓದಿ ನೋಡ್ರೇ. ಇದು ಹಳೇದು, ಇದು ಹೊಸದು. ‘ಕೈಗವಸು ಹಾಕಿಕೊಳ್ಳಿ’ ಅಂತ ಬರೆದಿದೆ. ಆ ಹುಡುಗಿ ಏನು ಮಾಡಿದ್ಲು ಪಾಪ?”

ನೀಲಿಯವರು ಓದಿದರು. ಆಮೇಲೆ ಜೋಡಿಯಲ್ಲಿ ನೀಲಿಯಾಗಿದ್ದವಳು ನಿಧಾನವಾಗಿ, “ಹಾಗಾದ್ರೆ ಹೊಸ ಪುಡಿ ಖಾರ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಹಳೇ ಚೀಲ ಬಚ್ಚಿಟ್ಕೊಂಡಿದ್ದಾರೆ” ಎಂದಳು. ಉಳಿದವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು.

ದೊಡ್ಡಕ್ಕನಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಕಣ್ಣೆದುರು ಸತ್ಯ ತಂದಿಟ್ಟರೆ ಅದನ್ನೇ ಮಡಿಸಿ ಸುಳ್ಳಿನ ಕಟ್ಟಿಗೆ ಸೇರಿಸಿಬಿಟ್ಟರಲ್ಲ! ಮರುದಿನದಿಂದ ಕಡ್ಡಿಯ ಚಪ್ಪಲಿಗಳು ಮಾಯವಾಗತೊಡಗಿದವು. ಅವಳ ನೀರಿನ ಬಾಟಲಿಯಲ್ಲಿ ಸೋಪಿನ ನೊರೆ ಸಿಕ್ಕಿತು. ಎರಡನೆಯ ವಾರ ಅವಳು ದೊಡ್ಡಕ್ಕನ ಮೇಜಿನ ಮುಂದೆ ನಿಂತು, “ಬೇರೆ ಕಡೆ ಕೆಲಸ ಸಿಕ್ಕಿದೆ ಅಕ್ಕ, ಹೋಗ್ತೀನಿ” ಎಂದಳು. ದೊಡ್ಡಕ್ಕ ಎಷ್ಟು ಬೇಡಿದರೂ ನಿಲ್ಲಲಿಲ್ಲ.

ಆ ಶನಿವಾರ ಎಲ್ಲರೂ ಹೋದ ಮೇಲೆ ದೊಡ್ಡಕ್ಕ ಇಪ್ಪತ್ತೇಳು ಏಪ್ರನ್ನುಗಳನ್ನೂ ಒಟ್ಟು ಮಾಡಿ, ದೊಡ್ಡ ಯಂತ್ರಕ್ಕೆ ತುಂಬಿ, ಕಪ್ಪು ಬಣ್ಣದ ಆರು ಪೊಟ್ಟಣ ಸುರಿದು ಕುದಿಯುವ ನೀರು ಬಿಟ್ಟಳು. ಬಣ್ಣವೇ ಇಲ್ಲದಿದ್ದರೆ ಯಾವುದಕ್ಕೆ ಕಚ್ಚಾಡುತ್ತಾರೆ ನೋಡೇಬಿಡುತ್ತೇನೆ ಎಂಬ ಹಟ. ಸೋಮವಾರ ಎಲ್ಲರಿಗೂ ಕಪ್ಪು ಏಪ್ರನ್ ಕೊಟ್ಟಳು. ಹೆಂಗಸರು ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಹತ್ತು ಗಂಟೆಗೆ ಒಣಗಿಸುವ ಅಂಗಳದಲ್ಲಿ ಯಾರೋ ಒಬ್ಬಳು, ಬಿಸಿಲಿಗೆ ಹಿಡಿದರೆ ಹಳೆಯ ಹಸಿರು ಪಾಚಿಯ ಹಾಗೆ ಮಿನುಗುತ್ತದೆ ಎಂದು ಕಂಡುಹಿಡಿದಳು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿ, ಅಂಚನ್ನು ಬಿಸಿಲಿಗೆ ಹಿಡಿದು, ಪರೀಕ್ಷೆ ಮಾಡಿಕೊಂಡು, ತಮ್ಮತಮ್ಮ ಹಳೆಯ ಬಣ್ಣದ್ದೇ ಸಿಗುವ ಹಾಗೆ ಏಪ್ರನ್ನುಗಳನ್ನು ಅದಲುಬದಲು ಮಾಡಿಕೊಂಡು ಬಂದು ತಮ್ಮತಮ್ಮ ಬೆಂಚಿನಲ್ಲಿ ಕೂತರು. ಏಪ್ರನ್ ಬದಲಾಯಿಸಿಕೊಳ್ಳುವಷ್ಟು ಹೊತ್ತು ಮಾತ್ರ ಎರಡೂ ಕಡೆಯವರು ಮಾತಾಡಿದ್ದು.

ಮನೆಯಲ್ಲಿ ಅವಳ ರೇಗಾಟ ನೆತ್ತಿಗೇರಿತ್ತು. “ಅದೂ ಅಲ್ಲದೆ ಈ ಹಸಿರಿನವರು! ಎಷ್ಟು ಹೇಳಿದ್ರೂ ಮೂಲೆ ನೀಟಾಗಿ ಮಡಿಸಲ್ಲ. ಅವರ ಕೈಯೇ ಹಾಗೆ” ಎಂದುಬಿಟ್ಟಳು.

ಮಗಳು ಪೆನ್ನು ಕೆಳಗಿಟ್ಟಳು. “ಅಮ್ಮ, ನಿಂದು ಯಾವ ಬಣ್ಣ?”

“ನಂದು ಯಾವ ಬಣ್ಣವೂ ಇಲ್ಲ. ನಾನು ಮೇಲ್ವಿಚಾರಕಿ.”

“ಏಪ್ರನ್ ಯಾವುದಿತ್ತು?”

ದೊಡ್ಡಕ್ಕ ಎದ್ದು ಚಾಪೆ ಹಾಸಿ ಮಲಗಿದಳು. ನಿದ್ದೆಯಿಂದೆದ್ದರೂ ಅದೇ ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ಕೂತಿತ್ತು. ಬೆಳಿಗ್ಗೆ ಬಟ್ಟೆ ಗಾಡಿ ತಳ್ಳುವವನನ್ನು ಕರೆದಳು. “ನೋಡಪ್ಪ, ಒಂದು ವಾರ ಕಟ್ಟಿನ ದಾರ ಬಿಚ್ಚಿ ತಂದುಕೊಡು. ಯಾವುದು ಯಾರದ್ದು ಅಂತ ನಿನ್ನ ಚೀಟಿಲಿ ಬರ್ಕೋ. ನನಗೆ ಮಾತ್ರ ಹೇಳಬೇಡ” ಎಂದಳು. ವಾರ ಕಳೆದು ಚೀಟಿ ನೋಡಿದರೆ, ನೂರಕ್ಕೆ ನೀಲಿಯವರದು ಐದು ವಾಪಸ್, ಹಸಿರಿನವರದೂ ಐದು. ಹಿಂದಿನ ಮೂರು ತಿಂಗಳ ಪುಸ್ತಕದಲ್ಲಿ ಅವಳದೇ ಕೈಬರಹದಲ್ಲಿ ನೀಲಿಗೆ ನಾಲ್ಕು, ಹಸಿರಿಗೆ ಒಂಬತ್ತು ಎಂದಿತ್ತು. ಕೆಲಸ ಅದೇ, ಕೈ ಅದೇ. ಹಸಿರು ದಾರ ಕಂಡಾಗ ಅವಳ ಅಂಗೈ ಎರಡು ಸಲ ಸವರುತ್ತಿತ್ತು, ಅಷ್ಟೇ ವ್ಯತ್ಯಾಸ. ತಾನು ಬೇಕೆಂದು ಮಾಡಿದ್ದಲ್ಲ ಎನ್ನುವುದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಬೇಕೆಂದು ಮಾಡಿದ್ದರೆ ಬಿಡುವುದಾದರೂ ಸುಲಭವಾಗುತ್ತಿತ್ತು.

ಅವಳು ಮುಚ್ಚಿಡುವ ಜಾತಿಯವಳಲ್ಲ. ಎಲ್ಲರನ್ನೂ ಸೇರಿಸಿ, ಚೀಟಿ ಮತ್ತು ಪುಸ್ತಕ ಎರಡನ್ನೂ ಎತ್ತಿ ಹಿಡಿದು, “ತಪ್ಪು ನಂದು. ಹಸಿರಿನವರಿಗೆ ಅನ್ಯಾಯ ಮಾಡಿದೀನಿ” ಎಂದಳು.

“ನಮಗೆ ಮೊದಲೇ ಗೊತ್ತಿತ್ತು” ಎಂದರು ಹಸಿರಿನವರು.

“ಅಂದ್ರೆ ನಾವು ಗೆದ್ದಿದ್ದು ನಿಮ್ಮ ದಯದಿಂದ ಅಂತೀರಾ?” ಎಂದರು ನೀಲಿಯವರು.

ಎರಡು ದಿನ ಇಪ್ಪತ್ತೈದು ಜನರೂ ಬೆಂಚುಗಳನ್ನು ಕೂಡಿಸಿಕೊಂಡು, ಒಟ್ಟಿಗೆ ಊಟ ಮಾಡುತ್ತಾ, ದೊಡ್ಡಕ್ಕನನ್ನು ಬಾಯಿತುಂಬ ಬೈದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ದೊಡ್ಡಕ್ಕನಿಗೆ ಸಂಕಟವೂ ಆಯಿತು, ಪರವಾಗಿಲ್ಲ, ಹೀಗಾದರೂ ಒಂದಾದರಲ್ಲ ಎಂಬ ಆಸೆಯೂ ಹುಟ್ಟಿತು. ಮೂರನೆಯ ದಿನ, ಅವಳನ್ನು ಮೊದಲು ಬೈಯಲು ಶುರು ಮಾಡಿದವರು ನಾವೋ ನೀವೋ ಎಂಬ ಜಗಳ ಹತ್ತಿ ಬೆಂಚುಗಳು ಮತ್ತೆ ಬೇರೆಯಾದವು.

ಅವಳು ಮ್ಯಾನೇಜರ ಮುಂದೆ ಹೋಗಿ ಪೈಪೋಟಿ ನಿಲ್ಲಿಸಿ ಎಂದು ಕೇಳಿದಳು. ಅವರು ಕನ್ನಡಕದ ಮೇಲಿಂದ ನೋಡಿ, “ಕೆಲಸ ಹೆಚ್ಚಾಗಿದೆಯಲ್ಲಮ್ಮ, ಯಾಕೆ ನಿಲ್ಲಿಸಬೇಕು?” ಎಂದರು.

“ಒಬ್ಬ ಹುಡುಗಿ ಕೆಲಸ ಬಿಟ್ಟು ಹೋದ್ಲು ಸಾರ್.”

“ಇನ್ನೊಬ್ಬಳನ್ನ ಕಳಿಸ್ತೀನಿ.”

ಕೊನೆಗೆ ಅವಳಿಗೆ ಸಿಕ್ಕಿದ್ದು ಇಷ್ಟೇ: ಕಟ್ಟುಗಳಿಗೆ ದಾರ ಕಟ್ಟುವುದು ನಿಂತಿತು, ತಪಾಸಣೆಯ ಮೇಜಿಗೆ ಬಟ್ಟೆ ಗುರುತಿಲ್ಲದೆ ಬರತೊಡಗಿತು, ಯಾವುದು ಯಾರದ್ದು ಎಂಬ ಲೆಕ್ಕ ಗಾಡಿಯವನ ಚೀಟಿಯಲ್ಲಿ ಮಾತ್ರ ಉಳಿಯಿತು. ಒಂದು ತಿಂಗಳು ಹಸಿರಿನವರು ಗೆದ್ದರು, ಇನ್ನೊಂದು ತಿಂಗಳು ನೀಲಿಯವರು. ಗೆದ್ದವರು ಸೋತವರನ್ನು ಆಡಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಜೋಡಿ ಮತ್ತೆ ಜೋಡಿಯಾಗಲಿಲ್ಲ.

ಒಂದು ಮಧ್ಯಾಹ್ನ ಬಸ್ ಸ್ಟಾಪಿನಲ್ಲಿ ಕಡ್ಡಿ ಸಿಕ್ಕಳು. ಸ್ವಲ್ಪ ಮೈ ಹಿಡಿದಿದ್ದಳು. ಈಗ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸವಂತೆ. ದೊಡ್ಡಕ್ಕ ಅವಳ ಕೈ ಹಿಡಿದು, “ಅಲ್ಲಿ ಜನ ಒಳ್ಳೆಯವರೇನಮ್ಮ?” ಎಂದು ಕೇಳಿದಳು.

“ನಮ್ಮ ಸಾಲಿನವರು ಬಂಗಾರದಂಥವರು ಅಕ್ಕ” ಎಂದಳು ಕಡ್ಡಿ, ಮುಖ ಅರಳಿಸಿ. “ಆ ಎದುರು ಸಾಲಿನವರಿದ್ದಾರೆ ನೋಡಿ, ಅವರನ್ನ ಮಾತ್ರ ನಂಬಕ್ಕಾಗಲ್ಲ. ಒಳ್ಳೇ ಬಿಸ್ಕತ್ತು ತಾವು ಇಟ್ಕೊಂಡು, ಒಡೆದಿದ್ದನ್ನ ನಮ್ಮ ಕಡೆ ತಳ್ತಾರೆ. ಮಹಾ ಕಂತ್ರಿಗಳು.”

“ನೀನು ನೋಡಿದೀಯಾ?”

“ನೋಡಬೇಕಾ? ಎಲ್ಲರೂ ಹೇಳ್ತಾರೆ.”

“ಏ, ನಿನಗೆ ಬುದ್ಧಿ ಇದೆಯೇನೇ?” ಎಂದು ದೊಡ್ಡಕ್ಕ ಕಿರುಚಿದ ರಭಸಕ್ಕೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. “ನಿನ್ನ ಬಾಟಲಿಗೆ ಸೋಪು ಸುರಿದೋರೂ ಇದನ್ನೇ ಅಲ್ವೇನೇ ಅಂದಿದ್ದು? ಎಲ್ಲರೂ ಹೇಳ್ತಾರೆ ಅಂತ?”

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. “ಅದು ಬೇರೆ ಅಕ್ಕ” ಎಂದಳು, ನಿಜವಾಗಿಯೂ ಅರ್ಥವಾಗದೆ. “ಅವರು ಹೇಳಿದ್ದು ಸುಳ್ಳಾಗಿತ್ತಲ್ಲ.”

ದೊಡ್ಡಕ್ಕನ ಬಸ್ಸು ಬಂತು, ನಿಂತಿತು, ಕಂಡಕ್ಟರು ಎರಡು ಸಲ ಕೂಗಿದ. ಅವಳು ಹತ್ತಲಿಲ್ಲ. ಹುಡುಗಿಯನ್ನು ಎಳೆದು ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸಿ, “ಕೂತ್ಕೋ. ಎದುರು ಸಾಲಿನಲ್ಲಿ ಎಷ್ಟು ಜನ ಇದ್ದಾರೆ? ಒಬ್ಬೊಬ್ಬರ ಹೆಸರು ಹೇಳು” ಎಂದಳು.

ಹುಡುಗಿ ಬೆರಳು ಮಡಿಸಿ ತಲೆ ಎಣಿಸಿದಳು. ಅವಳಿಗೆ ಒಂದು ಹೆಸರೂ ಗೊತ್ತಿರಲಿಲ್ಲ.